ಕಾರ್ ಪಾರ್ಕಿನ ಕುಂಬಳಕಾಯಿ

ಆಲ್ಬನಿ, ನ್ಯೂಜಿಲೆಂಡ್
ಬುಧವಾರ, ೧೫ ಅಕ್ಟೋಬರ್ ೨೦೦೮

ನಟರಾಜನಿಗೆ,

ಒಂದು ವಾರದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಸರಿಯಾಗಿಯೇ ಮಾಡಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಫೋನು ಎತ್ತಿ, ಚೆನ್ನಾಗಿ ಉಗಿದು ಇಡುತ್ತಿದ್ದೆ. ನಿನಗೆ ಬೈಯುವುದಕ್ಕೂ ಬರುವುದಿಲ್ಲ. ಭಾನುವಾರ ನಿನ್ನ ಫ್ಲ್ಯಾಟಿಗೂ ಬಂದಿದ್ದೆ. ಜೊತೆಯ ಹುಡುಗ ಬಾಗಿಲನ್ನು ಅರ್ಧ ತೆಗೆದು ನೀನು ಇಲ್ಲ ಎಂದ. ನಿನ್ನ ಬೂಟು ಅವನ ಕಾಲ ಬಳಿಯೇ ಇತ್ತು. ತಂದಿದ್ದ ಪುಳಿಯೋಗರೆಯನ್ನು ಅವನ ಕೈಗೆ ಕೊಟ್ಟು ಬಂದೆ. ತಿಂದೆಯೋ ಎಸೆದೆಯೋ ಗೊತ್ತಿಲ್ಲ.

ಅದಕ್ಕೇ ಈ ಕಾಗದ. ಬೆಳಿಗ್ಗೆ ಎದ್ದವಳೇ ಕಾಫಿ ಮಾಡಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದೇನೆ. ಹತ್ತು ಗಂಟೆಗೆ ಕಾಲೇಜಿನ ಕಮಿಟಿಗೆ ನಾನೊಂದು ಹಾಳೆ ಕೊಡಬೇಕು. ನಿನ್ನನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳುವುದೋ ಹೊರಗೆ ಹಾಕುವುದೋ ಎನ್ನುವುದು ಆ ಹಾಳೆಯ ಮೇಲೆ ನಿಂತಿದೆ. ಹೊರಗೆ ಹಾಕಿದರೆ ವೀಸಾವೂ ಹೋಯಿತು, ನೀನು ಅರಸೀಕೆರೆಗೆ ವಾಪಸ್ಸು. ಕಳೆದ ಬುಧವಾರ ಬಂದೂಕು ಹಿಡಿದ ಪೊಲೀಸರು ನಿನ್ನನ್ನು ಕಾರ್ ಪಾರ್ಕಿನಲ್ಲಿ ಬೋರಲು ಕೆಡವಿದಾಗ ನಾನು ಎಲ್ಲಿದ್ದೆ ಎಂದು ನಿನಗೆ ಗೊತ್ತು. ಒಳಗೆ ಕೂತು ನಾನು ಏನು ನೋಡಿದೆ, ನನಗೆ ಏನೇನು ಗೊತ್ತಿತ್ತು ಎನ್ನುವುದು ನಿನಗೆ ಗೊತ್ತಿಲ್ಲ. ಕಮಿಟಿಗಿಂತ ಮೊದಲು ಅದನ್ನು ನಿನಗೆ ಹೇಳಬೇಕು.

ನೀನು ಮೊದಲ ಸಲ ಕಾಲೇಜಿನ ಆಫೀಸಿನಲ್ಲಿ ನನ್ನ ಕೌಂಟರಿಗೆ ಬಂದದ್ದು ಫೆಬ್ರವರಿಯಲ್ಲಿ. ನಾನು ಫೋನಿನಲ್ಲಿ ನನ್ನ ಗಂಡನಿಗೆ ಮೊಸರು ತರಲು ಹೇಳುತ್ತಿದ್ದೆ. ನೀನು ಫಾರಂ ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದೆ. "ಆಂಟೀ, ನೀವು ಕನ್ನಡದೋರಾ?" ಎಂದು ಕೇಳಿದಾಗ ನಿನ್ನ ಕಣ್ಣಲ್ಲಿ ನೀರಿತ್ತು ಕಣೋ. ನಾನೋ ಘಾಟಿ ಹೆಂಗಸು. "ಆಂಟಿ ಗೀಂಟಿ ಅಂದರೆ ಫಾರಂ ಹರಿದುಹಾಕ್ತೀನಿ" ಎಂದೆ. ಅವತ್ತಿನಿಂದ ಅಕ್ಕ ಆದೆ. ಆದರೆ ಇನ್ನೊಂದು ಮಾತನ್ನೂ ಹೇಳಿದ್ದೆ, ನೆನಪಿದೆಯಾ? ಆಫೀಸಿನಲ್ಲಿ ಬೇರೆಯವರ ಮುಂದೆ ಕನ್ನಡ ಬೇಡ, ಇಂಗ್ಲಿಷಿನಲ್ಲೇ ಮಾತಾಡು, ಚೆನ್ನಾಗಿರಲ್ಲ ಎಂದು. ಹನ್ನೊಂದು ವರ್ಷದಿಂದ ಇಲ್ಲಿ ನಾನು ಕಾಮಾಕ್ಷಿ ಅಲ್ಲ, ಕ್ಯಾಮಿ. ಮಾರ್ನಿಂಗ್ ಟೀಗೆ ಇವರ ಸ್ಕೋನ್ ಬನ್ನು ಮಾಡಿಕೊಂಡು ಹೋಗುವ, ರಗ್ಬಿ ಸ್ಕೋರು ಕೇಳುವ ಕ್ಯಾಮಿ. ನೀನು ತಲೆಯಾಡಿಸಿ, ನನ್ನ ಡಬ್ಬಿಯ ಚಪಾತಿ ತಿಂದು, "ಥ್ಯಾಂಕ್ ಯು ಕ್ಯಾಮಿ" ಎಂದು ಜೋರಾಗಿ ಹೇಳಿ ಕಣ್ಣು ಮಿಟುಕಿಸಿ ಹೋದೆ.

ನನ್ನ ಭಯದ ವಿಷಯವೂ ನಿನಗೆ ಸ್ವಲ್ಪ ಗೊತ್ತು. ಕಳೆದ ವರ್ಷ ಅಮೆರಿಕದ ಆ ಯೂನಿವರ್ಸಿಟಿಯಲ್ಲಿ ಗುಂಡು ಹಾರಿಸಿದಾಗ ಶುರುವಾದದ್ದು ಅದು. ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು. ಪಾಠ ಮಾಡುತ್ತಾ, ಪಾಠ ಕೇಳುತ್ತಾ ಕೂತವರು. ಆಮೇಲಿಂದ ನಾನು ಮಾಲಿನ ಫುಡ್ ಕೋರ್ಟಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ. ಲೈಬ್ರರಿಗೆ ಹೋದರೆ ಪುಸ್ತಕಕ್ಕಿಂತ ಮೊದಲು ಹಿಂಬಾಗಿಲು ಹುಡುಕುತ್ತೇನೆ. ಸಿನಿಮಾದಲ್ಲಿ ಯಾರಾದರೂ ಮಧ್ಯದಲ್ಲಿ ಎದ್ದು ಹೊರಗೆ ಹೋದರೆ ಅವರು ವಾಪಸ್ಸು ಬರುವವರೆಗೆ ನನಗೆ ಕಥೆ ತಲೆಗೆ ಹತ್ತುವುದಿಲ್ಲ. ಕೈಯಲ್ಲಿ ಪಾಪ್‌ಕಾರ್ನ್ ಇದೆಯೋ ಇನ್ನೇನಿದೆಯೋ ಎಂದು ನೋಡುತ್ತೇನೆ. ನನ್ನ ಗಂಡ ವಾಸುದೇವ್ ನಗುತ್ತಾರೆ. "ಲೇ, ಇದು ನ್ಯೂಜಿಲೆಂಡ್ ಕಣೇ. ಇಲ್ಲಿ ಪೊಲೀಸರ ಸೊಂಟದಲ್ಲೇ ಬಂದೂಕು ಇರಲ್ಲ, ನಿಂಗ್ಯಾಕೆ ಈ ಹುಚ್ಚು?" ಎನ್ನುತ್ತಾರೆ. ಹುಚ್ಚೇ ಇರಬಹುದು. ಮಗಳು ನಿಧಿಯ ಸ್ಕೂಲಿನಲ್ಲೂ ಒಂದು ದಿನ ಮಕ್ಕಳನ್ನೆಲ್ಲ ಮೇಜಿನ ಕೆಳಗೆ ಕೂರಿಸಿ ಅಭ್ಯಾಸ ಮಾಡಿಸಿದರು. ಹೇಗಿತ್ತು ಪುಟ್ಟಾ ಎಂದರೆ, "ಇಟ್ಸ್ ಲೈಕ್ ಹೈಡ್ ಅಂಡ್ ಸೀಕ್ ಅಮ್ಮಾ, ಬಟ್ ನೋಬಡಿ ಕಮ್ಸ್ ಟು ಫೈಂಡ್ ಯು" ಎಂದಳು. ಎಂಟು ವರ್ಷದ ಮಗು.

ಈ ಹುಚ್ಚಿನಿಂದಲೇ ನಾನು ಆಫೀಸಿನ ಕೆಳ ಮಹಡಿಗೆ ವಾರ್ಡನ್, ಅಂದರೆ ಅಪಾಯದ ಹೊತ್ತಿನಲ್ಲಿ ಎಲ್ಲರನ್ನೂ ನೋಡಿಕೊಳ್ಳುವವಳು, ಆದದ್ದು. ಬೇರೆ ಯಾರಿಗೂ ಬೇಕಿರಲಿಲ್ಲ. ನಾನೇ ಕೈ ಎತ್ತಿ, ಹಳದಿ ಅಂಗಿ ಇಸಿದುಕೊಂಡು, ಬಾಗಿಲಿನ ಕೀಲಿಯನ್ನು ಕೊರಳಿಗೆ ಹಾಕಿಕೊಂಡೆ. ಹೋದ ತಿಂಗಳು ಫಿನ್ಲೆಂಡಿನ ಕಾಲೇಜೊಂದರಲ್ಲಿ ಹತ್ತು ಜನರನ್ನು ಕೊಂದ ಸುದ್ದಿ ಬಂತಲ್ಲ, ಮಾರನೆಯ ವಾರವೇ ಲಾಕ್‌ಡೌನ್ ಅಭ್ಯಾಸ ಇಡಿಸಿದೆ. ಅವತ್ತು ನೀನೂ ನಮ್ಮ ರೂಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಬಾಗಿಲಿಗೆ ಬೀಗ, ದೀಪ ಆರಿಸುವುದು, ಕಿಟಕಿಯ ಪಟ್ಟಿಪರದೆ ಬ್ಲೈಂಡ್ ಇಳಿಸುವುದು, ನೆಲದ ಮೇಲೆ ಉಸಿರು ಬಿಗಿಹಿಡಿದು ಕೂರುವುದು. ಯಾರು ಬಡಿದರೂ ಬಾಗಿಲು ತೆಗೆಯಬಾರದು. ಕಿಟಕಿಯಿಂದ ಏನಾದರೂ ಕಂಡರೆ ಸೆಕ್ಯುರಿಟಿಗೆ ಫೋನು ಮಾಡಿ ತಿಳಿಸಬೇಕಾದವಳು ವಾರ್ಡನ್ ಒಬ್ಬಳೇ. ಮಧ್ಯದಲ್ಲಿ ನೀನು ಸೀನಿದೆ, ಎಲ್ಲರೂ ನಕ್ಕರು, ನಾನು ಸಿಡಿಮಿಡಿಗೊಂಡೆ. "ಇದು ಆಟ ಅಲ್ಲ, ಒಂದು ದಿನ ಜೀವ ಉಳಿಸುತ್ತೆ" ಎಂದು ಎಲ್ಲರೆದುರು ನಿನಗೆ ಗದರಿದೆ. ನೀನು ಮುಖ ಸಣ್ಣ ಮಾಡಿಕೊಂಡು ಸಾರಿ ಹೇಳಿದೆ.

ಅದಾದ ಒಂದೇ ವಾರಕ್ಕೆ ಆಯುಧ ಪೂಜೆ ಬಂತು. ನೀನು ಒನೆಹುಂಗಾದ ಗೋದಾಮಿನ ಕೆಲಸಕ್ಕೆ ಹೋಗಿಬರಲು ಹಳೆಯ ಕೊರೊಲ್ಲಾ ಕಾರು ಕೊಂಡು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಕೌಂಟರಿನ ಮುಂದೆ ಯಾರೂ ಇಲ್ಲದ್ದು ನೋಡಿಕೊಂಡು ಬಂದು, ಪ್ಲಾಸ್ಟಿಕ್ ಚೀಲ ತೆರೆದು ತೋರಿಸಿದೆ. ಚೀನಿಯರ ಅಂಗಡಿಯಲ್ಲಿ ಸಿಕ್ಕ ಬೂದುಗುಂಬಳಕಾಯಿ! "ಅಕ್ಕಾ, ನಮ್ಮಪ್ಪ ಡಿಪೋದಾಗೆ ಬಸ್ಸಿಗೆ ಕುಂಬಳಕಾಯಿ ಒಡೀದೆ ಒಂದು ವರ್ಸನೂ ಗಾಡಿ ತೆಗ್ದಿಲ್ಲ. ನನ್ನ ಗಾಡಿಗೂ ಒಡೀಬೇಕು. ಫ್ಲ್ಯಾಟ್ ಮುಂದೆ ಒಡದ್ರೆ ಓನರ್ ಬೈತಾನೆ. ಎಲ್ ಒಡೀಲಿ?" ಎಂದೆ. ನಾನು ಅಡ್ಮಿಷನ್ ಫೈಲಿನಲ್ಲಿ ಮುಳುಗಿದ್ದೆ. ತಲೆ ಎತ್ತದೆಯೇ, "ಹಿಂದಿನ ಕಾರ್ ಪಾರ್ಕಲ್ಲಿ ಒಡ್ಕೊಳೋ, ಅಲ್ಲಿ ಯಾರೂ ಬರಲ್ಲ. ಆಮೇಲೆ ಕ್ಲೀನ್ ಮಾಡು" ಎಂದೆ. ನೀನು ಚಾಕು ಕೇಳಿದೆ. ಕೇಕು ಕತ್ತರಿಸಲೆಂದು ಮನೆಯಿಂದ ತಂದು ಡ್ರಾಯರಿನಲ್ಲಿಟ್ಟಿದ್ದ ನನ್ನ ದೊಡ್ಡ ಚಾಕುವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಕುಂಕುಮವನ್ನೂ ಕೊಟ್ಟೆ. ಜಾಗ ನನ್ನದು, ಚಾಕು ನನ್ನದು, ಕುಂಕುಮ ನನ್ನದು. ನಿನ್ನದು ಕುಂಬಳಕಾಯಿ ಒಂದೇ.

ಹನ್ನೊಂದೂವರೆಗೆ ಸೈರನ್ ಕೂಗಿತು. ಧ್ವನಿವರ್ಧಕದಲ್ಲಿ, ಇದು ಅಭ್ಯಾಸವಲ್ಲ, ಹಿಂದಿನ ಕಾರ್ ಪಾರ್ಕಿನಲ್ಲಿ ಗುಂಡಿನ ಸದ್ದು ಕೇಳಿದೆ ಎಂದರು. ನಟರಾಜ, ನಿನ್ನಾಣೆಗೂ ಆ ಕ್ಷಣದಲ್ಲಿ ನನಗೆ ನೀನೂ ನೆನಪಾಗಲಿಲ್ಲ, ಆಯುಧ ಪೂಜೆಯೂ ನೆನಪಾಗಲಿಲ್ಲ. ಫಿನ್ಲೆಂಡ್ ಒಂದೇ ನೆನಪಾಯಿತು. ಆದರೂ ಬೀಗ ಹಾಕಿದೆ, ದೀಪ ಆರಿಸಿದೆ, ಹನ್ನೊಂದು ಜನರನ್ನು ಕಪಾಟಿನ ಹಿಂದೆ ಕೂರಿಸಿದೆ. ಪಕ್ಕದ ಮೇಜಿನ ಗೇಲ್ ನನ್ನ ಕೈ ಹಿಡಿದುಕೊಂಡು, ನೀನಿದ್ದೀಯಲ್ಲ ಕ್ಯಾಮಿ, ಸದ್ಯ, ಎಂದು ಪಿಸುಗುಟ್ಟಿದಳು. ಒಂದೂವರೆ ವರ್ಷದಿಂದ ಎಲ್ಲರೂ ಆಡಿಕೊಂಡು ನಕ್ಕ ನನ್ನ ಭಯಕ್ಕೆ ಕೊನೆಗೂ ಬೆಲೆ ಬಂದಿತ್ತು. ಹೇಳಿದರೆ ಹೇಸಿಗೆಯಾಗುತ್ತದೆ, ಆ ಭಯದ ನಡುವೆಯೂ ನನಗೆ ಒಂದು ಥರ ಹೆಮ್ಮೆಯಾಯಿತು.

ಆಮೇಲೆ ನಾನು ಕಿಟಕಿಯ ಹತ್ತಿರ ತೆವಳಿಕೊಂಡು ಹೋಗಿ ಬ್ಲೈಂಡಿನ ಒಂದು ಪಟ್ಟಿಯನ್ನು ಬೆರಳಿನಿಂದ ಎತ್ತಿ ನೋಡಿದೆ.

ಕೊರೊಲ್ಲಾದ ಮುಂದೆ ಕುಂಬಳಕಾಯಿ ಛಿದ್ರವಾಗಿ ಬಿದ್ದಿತ್ತು. ಕುಂಕುಮದ ಕೆಂಪು ನೀರು ಡಾಂಬರಿನ ಮೇಲೆಲ್ಲ ಹರಿದಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು. ನೀನು ಮಧ್ಯದಲ್ಲಿ ನಿಂತಿದ್ದೆ, ಎರಡೂ ಕೈ ಕೆಂಪು, ಕೈಯಲ್ಲಿದ್ದ ಚಾಕುವಿಗೂ ಕುಂಕುಮ ಮೆತ್ತಿದ್ದೆ. ಆಯುಧ ಅಂದಮೇಲೆ ಅದಕ್ಕೂ ಪೂಜೆ ಆಗಬೇಕಲ್ಲ. ಕಾಯಿ ಎತ್ತಿ ಅಪ್ಪಳಿಸಿದ ಸದ್ದನ್ನೇ ಮೇಲಿನ ಮಹಡಿಯಲ್ಲಿ ಯಾರೋ ಗುಂಡು ಎಂದುಕೊಂಡು, ಕೆಳಗೆ ನೋಡಿ, ಕೆಂಪು ಕಂಡು ಫೋನು ಮಾಡಿದ್ದರು. ನನಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಆ ಇಡೀ ಕಾಲೇಜಿನಲ್ಲಿ ಅದನ್ನು ನೋಡಿ ಅರ್ಥಮಾಡಿಕೊಳ್ಳಬಲ್ಲವಳು ನಾನೊಬ್ಬಳೇ ಇದ್ದೆ. ಸೆಕ್ಯುರಿಟಿಯ ನಂಬರು ನನ್ನ ಫೋನಿನಲ್ಲೇ ಇತ್ತು. ಒಂದು ಮಾತು ಸಾಕಿತ್ತು: ಅದು ಪೂಜೆ, ಅವನು ನಮ್ಮ ಹುಡುಗ, ಜಾಗ ತೋರಿಸಿದವಳು ನಾನು.

ಮೇಲಿನ ಕಿಟಕಿಯಿಂದ ಯಾರೋ "ಗನ್! ಗನ್!" ಎಂದು ಕಿರುಚಿದ್ದು ನಿನಗೂ ಕೇಳಿಸಿತು. ನೀನು ಹೆದರಿ ಆ ಕಡೆ ಈ ಕಡೆ ನೋಡಿದೆ. ಪಾರ್ಕಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೈಯಲ್ಲಿ ಚಾಕು ಇದೆಯೆಂಬ ಪರಿವೆಯೂ ಇಲ್ಲದೆ ನೀನು ನಮ್ಮ ಬಾಗಿಲಿಗೆ ಓಡಿಬಂದೆ. ಬಾಗಿಲು ಬಡಿದೆ. ಆಮೇಲೆ ಕಿಟಕಿಗೆ ಬಂದು ಗಾಜು ಬಡಿದೆ. ಗಾಜಿನ ಮೇಲೆ ನಿನ್ನ ಕೈಯ ಕೆಂಪು ಮೂಡಿತು. ನಾನು ಎತ್ತಿ ಹಿಡಿದಿದ್ದ ಪಟ್ಟಿಯ ಸಂದಿಯಲ್ಲಿ ನಿನ್ನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಿನಗೆ ನಾನು ಕಂಡೆ. ಕಾಣಲಿಲ್ಲ ಎಂದು ಸುಳ್ಳು ಹೇಳಿಕೊಳ್ಳಲು ಈ ವಾರವೆಲ್ಲ ನೋಡಿದೆ, ಆಗಲಿಲ್ಲ. ನೀನು ಕನ್ನಡದಲ್ಲಿ ಕೂಗತೊಡಗಿದೆ. ಕೂಗಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಬರೆಯಬೇಕಾದ ಹಾಳೆ ಬೇರೆಯಿದೆ. ನನ್ನ ಹಿಂದೆ ಕತ್ತಲೆಯಲ್ಲಿ ಹನ್ನೊಂದು ಜನ ನಡುಗುತ್ತಿದ್ದರು. ಒಬ್ಬ ಹುಡುಗಿ ಬಾಯಿಗೆ ಸ್ಕಾರ್ಫು ತುರುಕಿಕೊಂಡು ಅಳುತ್ತಿದ್ದಳು. ಅವರ ಪಾಲಿಗೆ ಹೊರಗೆ ಇದ್ದದ್ದು ಕೊಲೆಗಾರ. ನನ್ನ ಪಾಲಿಗೆ ಹೊರಗೆ ಇದ್ದದ್ದು ನೀನು.

ನಾನು ಬೆರಳು ತೆಗೆದೆ. ಪಟ್ಟಿ ಕೆಳಗಿಳಿಯಿತು.

ಯಾಕೆ ಎಂದು ಕೇಳುತ್ತೀಯ. ನಿಯಮ ಎಂದು ಹೇಳಬಹುದು, ಯಾರು ಬಡಿದರೂ ತೆಗೆಯಬಾರದು ಎಂದು ನಾನೇ ಕಲಿಸಿದ್ದೆ. ಅದು ನೆಪ ಕಣೋ. ಬಾಗಿಲು ತೆಗೆಯದಿದ್ದರೂ ಫೋನು ಮಾಡಬಹುದಿತ್ತು. ಗೇಲ್ ಕಡೆ ತಿರುಗಿ, ಹೆದರಬೇಡ, ಅವನು ನನಗೆ ಗೊತ್ತು ಎನ್ನಬಹುದಿತ್ತು. ನನಗೆ ನಾಚಿಕೆಯಾಯಿತು. ಇಷ್ಟೇ. ಹನ್ನೊಂದು ವರ್ಷ ಸ್ಕೋನ್ ಮಾಡಿ ಸಂಪಾದಿಸಿದ ಕ್ಯಾಮಿ, ಕುಂಬಳಕಾಯಿಗೆ ಕುಂಕುಮ ಹಾಕಿ ಕಾಲೇಜನ್ನೇ ನಡುಗಿಸಿದವರ ಪೈಕಿ ಒಬ್ಬಳಾಗಿಬಿಡುತ್ತಾಳೆ ಎಂದು ಅನ್ನಿಸಿತು. ಚಾಕು ಯಾರದ್ದು ಎಂದು ಕೇಳಿದರೆ ಏನು ಹೇಳಲಿ ಎಂದು ಅನ್ನಿಸಿತು. ಥೂ, ಈಗ ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಎನ್ನಿಸುತ್ತದೆ. ಆಗ ಮಾತ್ರ ಸುಮ್ಮನೆ ಕೂತೆ. ಯಾರಾದರೂ ಬಂದು ನೋಡುತ್ತಾರೆ, ಅವರಿಗೇ ಗೊತ್ತಾಗುತ್ತದೆ ಎಂದುಕೊಂಡೆ.

ಬಂದರು. ಸದ್ದು ಕೇಳಿ ಮತ್ತೆ ಪಟ್ಟಿ ಎತ್ತಿ ನೋಡಿದೆ. ಈ ದೇಶದಲ್ಲಿ ಪೊಲೀಸರ ಕೈಯಲ್ಲಿ ಬಂದೂಕನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಅವರು ಅವರ ಕೆಲಸ ಮಾಡಿದರು. ಚಾಕು ಎಸೆ ಎಂದು ಎರಡು ಸಲ ಕೂಗಿದರು. ನಿನಗೆ ಮೊದಲ ಸಲ ಅರ್ಥವೇ ಆಗಲಿಲ್ಲ, ಅವರು ನಿನ್ನನ್ನು ಕಾಪಾಡಲು ಬಂದವರು ಎಂದುಕೊಂಡು ಅವರ ಕಡೆಗೇ ಎರಡು ಹೆಜ್ಜೆ ಓಡಿದೆ. ಆ ಎರಡು ಹೆಜ್ಜೆ ಇವತ್ತಿಗೂ ನನ್ನ ಎದೆಯ ಮೇಲೆ ಬೀಳುತ್ತಿವೆ. ಯಾವನಾದರೂ ಒಬ್ಬ ಗಾಬರಿಯಾಗಿ ಬೆರಳು ಒತ್ತಿದ್ದರೆ? ಗುಂಡು ಹಾರೀತು, ಜನ ಸತ್ತಾರು ಎಂದು ಒಂದೂವರೆ ವರ್ಷ ಹೆದರಿದವಳು ನಾನು. ಆ ದಿನ ಕಾಲೇಜಿನಲ್ಲಿ ಒಬ್ಬನಿಗೆ ಗುಂಡು ಬೀಳುವ ಸಂಭವ ಇದ್ದದ್ದು ನಿಜ, ಅದಕ್ಕೆ ಕಾರಣ ನಾನು. ಸದ್ಯ, ನೀನು ನಿಂತೆ. ಚಾಕು ಬಿತ್ತು. ನಿನ್ನ ಕೆನ್ನೆಯನ್ನು ಡಾಂಬರಿಗೆ ಒತ್ತಿ ಹಿಡಿದರು, ನಿನ್ನ ಮುಖ ನಮ್ಮ ಕಿಟಕಿಯ ಕಡೆಗೇ ಇತ್ತು.

ಪೊಲೀಸರಿಗೆ ಒಂದು ಗಂಟೆಯಲ್ಲಿ ಎಲ್ಲ ಅರ್ಥವಾಯಿತು, ಸಂಜೆಯೊಳಗೆ ನಿನ್ನನ್ನು ಬಿಟ್ಟರು. ಬಿಡದೇ ಇರುವುದು ಕಾಲೇಜು. ನಿನ್ನೆ ಕಮಿಟಿಯ ಮುಂದೆ ನಿನ್ನನ್ನು ಕೂರಿಸಿದಾಗ, ನಾನೂ ಆ ರೂಮಿಗೆ ಬಂದದ್ದನ್ನು ನೋಡಿ ನಿನ್ನ ಮುಖ ಬಿಳಿಚಿಕೊಂಡಿತು. ನನ್ನನ್ನು ಕರೆಸಿದ್ದು ಯಾಕೆಂದು ನನಗೂ ಬರುವವರೆಗೆ ಗೊತ್ತಿರಲಿಲ್ಲ. ಅವರದ್ದು ಎರಡೇ ಪ್ರಶ್ನೆ. ಒಂದು, ಕಾಲೇಜಿಗೆ ಚಾಕು ತಂದದ್ದು ಯಾಕೆ. ನೀನು ತಟ್ಟನೆ, ನನ್ನ ಫ್ಲ್ಯಾಟಿನಿಂದ ತಂದೆ, ತಪ್ಪಾಯಿತು ಎಂದೆ. ಇನ್ನೊಂದು, ಲಾಕ್‌ಡೌನ್ ಆಗಿರುವಾಗ ಬಾಗಿಲು ಬಡಿದು ನಿನ್ನ ಭಾಷೆಯಲ್ಲಿ ಏನೆಂದು ಬೆದರಿಸಿದೆ. ಒಳಗಿದ್ದವರಲ್ಲಿ ನಾಲ್ಕು ಜನ ಅದನ್ನು ಬೆದರಿಕೆ ಎಂದೇ ಬರೆದುಕೊಟ್ಟಿದ್ದರು. ನೀನು ನೆನಪಿಲ್ಲ ಎಂದೆ. ಮೇಲಿನ ಮಹಡಿಯ ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಅಧ್ಯಕ್ಷೆ ಹಾಕಿ ಕೇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕ್ಯಾಮಿ, ಇದು ನಿನ್ನ ಭಾಷೆ ಅಲ್ಲವಾ, ಇವನು ಏನು ಹೇಳುತ್ತಿದ್ದಾನೆ ಎಂದಳು.

ನೀನು ತಲೆ ತಗ್ಗಿಸಿಕೊಂಡೇ ಕುತ್ತಿಗೆಯನ್ನು ಒಂದಿಷ್ಟು ಆಡಿಸಿದೆ. ಬೇಡ ಅಕ್ಕಾ ಎಂದು. ಹೊರಗೆ ನಿಲ್ಲಿಸಿ ಬಾಗಿಲು ಹಾಕಿದವಳ ಕೆಲಸ ಉಳಿಸಲು ನೀನು ನಿನ್ನ ಓದನ್ನೇ ಕೊಡಲು ಹೊರಟಿದ್ದೆ. ಅಲ್ಲೇ ಎದ್ದು ನಿಂತು ಹೇಳಬೇಕಿತ್ತು. ಬದಲಿಗೆ, ಸ್ಪಷ್ಟವಾಗಿ ಕೇಳಿಸುತ್ತಿಲ್ಲ, ಇನ್ನೊಮ್ಮೆ ಕೇಳಿ ನಾಳೆ ಬರೆದುಕೊಡುತ್ತೇನೆ ಎಂದೆ. ಎರಡನೇ ಸಲವೂ ನಿನ್ನನ್ನು ಹೊರಗೇ ನಿಲ್ಲಿಸಿ ಬಂದೆ.

ರೆಕಾರ್ಡನ್ನು ಇನ್ನೊಮ್ಮೆ ಕೇಳುವ ಅಗತ್ಯ ನನಗೆ ಇರಲಿಲ್ಲ. ನಿನ್ನೆ ಸಂಜೆ ವಾಸುದೇವ್‌ಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಕೆಲಸ ಹೋದರೆ ಹೋಗಲಿ ಬಿಡು, ಮೊದಲು ಆ ಮಗೂನ ಒಳಗೆ ಕರ್ಕೊ" ಎಂದರು. ಚಾಕು, ಜಾಗ, ಕುಂಕುಮ ಎಲ್ಲ ನನ್ನದು ಎಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ. ಅನುವಾದದ ಹಾಳೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ನೀನು ಅದನ್ನು ನಮ್ಮ ಮಾತಿನಲ್ಲೇ ಓದಬೇಕು, ಅದಕ್ಕೆ ಇಲ್ಲಿ ಕನ್ನಡದಲ್ಲಿ ಇಳಿಸುತ್ತಿದ್ದೇನೆ. ಹತ್ತು ಗಂಟೆಗೆ ಅವರ ಕೈಗೆ ಕೊಡುವುದು ಇಷ್ಟು:

"ಹುಡುಗ ಹೇಳಿದ್ದು ಹೀಗಿದೆ. ಅಕ್ಕಾ, ಬಾಗ್ಲು ತೆಗೀರಿ. ಯಾರೋ ಗುಂಡು ಹಾರಿಸ್ತಾವ್ರೆ. ನನ್ನೂ ಒಳಕ್ಕೆ ಸೇರಿಸ್ಕೊಳ್ಳಿ ಅಕ್ಕಾ. ಇದನ್ನು ಅವನು ಐದು ಸಲ ಹೇಳಿದ್ದಾನೆ. ಇದರಲ್ಲಿ ಬೆದರಿಕೆ ಇಲ್ಲ. ಒಳಗಿದ್ದ ನಮ್ಮೆಲ್ಲರ ಹಾಗೆ ಅವನೂ ಕೊಲೆಗಾರನಿಗೆ ಹೆದರಿದ್ದ. ಅಕ್ಕ ಎಂದರೆ ಹಿರಿಯ ಸೋದರಿ. ಹಾಗೆ ಕರೆದದ್ದು ನನ್ನನ್ನು. ನನಗೆ ಕೇಳಿಸಿತ್ತು. ಅರ್ಥವೂ ಆಗಿತ್ತು."

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಬೇಡ. ಸ್ವಲ್ಪ ದಿನ ಸಿಟ್ಟು ಮಾಡಿಕೊಂಡಿರು. ಊಟ ಮಾತ್ರ ಬಿಡಬೇಡ.

ಚೆನ್ನಾಗಿ ಓದು, ನೂರು ಕಾಲ ಬಾಳು ಮಗು. ಎಲ್ಲಿ ಹೋಗಿ ಯಾವ ಬಾಗಿಲು ತಟ್ಟಿದರೂ, ನನಗಿಂತ ಧೈರ್ಯ ಇರುವವರೇ ಒಳಗಿರಲಿ.

ಇಂತು,
ಕಾಮಾಕ್ಷಿ